ಲಾನಮ್ಮನ ಸಿಮ್ಮಿಗೆ ಕೃಷ್ಣಮ್ಮನ ಓಟಿಪಿ

ಓಟಿಪಿಯನ್ನು ಯಾರು ಕೇಳಿದರೂ ಹೇಳುವುದಿಲ್ಲ ಎಂದು ಕೃಷ್ಣಮ್ಮ ಊರಮ್ಮನ ಗುಡಿಯ ಜಗಲಿಯ ಮೇಲೆ, ಹಚ್ಚಿದ ದೀಪದ ಮುಂದೆ, ಅಂಗೈಯಲ್ಲಿ ವೀಳ್ಯದೆಲೆ ಇಟ್ಟುಕೊಂಡು ಆಣೆ ಮಾಡಿದ್ದಳು.

ಬ್ಯಾಂಕಿನವರು ಇಷ್ಟೆಲ್ಲ ಕೇಳಿರಲಿಲ್ಲ. ಅವರು ಮಲ್ಲಿಪಟ್ಟಣದ ಸ್ತ್ರೀಶಕ್ತಿ ಸಂಘದ ಸಭೆಗೆ ಬಂದು, ಮೊಬೈಲಿಗೆ ಬರುವ ಗುಟ್ಟಿನ ಅಂಕಿಯನ್ನು ಯಾರಿಗೂ ಹೇಳಬೇಡಿ, ಈಗೀಗ ನೆಂಟರಿಷ್ಟರ ದನಿಯಲ್ಲೇ ಮಾತಾಡಿ ಮೋಸ ಮಾಡುತ್ತಾರೆ ಎಂದು ತಿಳಿಸಿ, ಟೀ ಕುಡಿದು ಹೋಗಿದ್ದರು. ಆದರೆ ಸಂಘದ ಅಧ್ಯಕ್ಷೆ ಬಸವಲಿಂಗಮ್ಮನಿಗೆ ಬರೀ ಮಾತಿನಲ್ಲಿ ನಂಬಿಕೆಯಿಲ್ಲ. ಸಭೆಯಲ್ಲಿ ತಲೆಯಾಡಿಸಿದ ಹೆಂಗಸರು ಬೀದಿಯ ತಿರುವು ದಾಟುವಷ್ಟರಲ್ಲಿ ಎಲ್ಲ ಮರೆತಿರುತ್ತಾರೆ ಎಂಬುದು ಅವಳ ಅನುಭವ. ಅಷ್ಟೂ ಜನರನ್ನು ಗುಡಿಗೆ ಹೊರಡಿಸಿಕೊಂಡು ಹೋಗಿ, “ಎತ್ತ ಮಗಳು ಕೇಳಿದ್ರೂ ಯೋಳಕಿಲ್ಲ, ಒಡುಟ್ಟಿದೋನು ಕೇಳಿದ್ರೂ ಯೋಳಕಿಲ್ಲ ಅನ್ನಿ” ಎಂದು ಒಬ್ಬೊಬ್ಬರ ಬಾಯಲ್ಲೂ ಹೇಳಿಸಿದಳು.

ಆ ಆಣೆ ಕೃಷ್ಣಮ್ಮನಿಗೆ ಮೊದಲ ಸಲ ಭಾರವಾದದ್ದು, ವಿಯಟ್ನಾಮಿನಿಂದ ಲಾನ್ ಎಂಬ ಹೆಂಗಸು ಅವರ ಮನೆಗೆ ಬಂದ ಮೇಲೆ.

ಲಾನ್ ಅಲ್ಲಿನ ದಾಲಾತ್ ಎಂಬ ಬೆಟ್ಟದೂರಿನಲ್ಲಿ ಆಲೂಗಡ್ಡೆ ನರ್ಸರಿ ನಡೆಸುವವಳು. ವಯಸ್ಸು ಐವತ್ತರ ಆಚೀಚೆ, ಕೃಷ್ಣಮ್ಮನದೂ ಅಷ್ಟೇ. ಗಡ್ಡೆ ಹೂಳುವ ಬದಲು ತಾಯಿಗಿಡದ ಕುಡಿ ಚಿವುಟಿ, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ ಅದಕ್ಕೆ ಬೇರು ಬರಿಸಿ, ಸಸಿ ಮಾಡಿ ನೆಡುವುದು ಅವಳ ಕಸುಬು. ಹಾಸನದ ಕಡೆ ಈಚೆಗೆ ಶುರುವಾಗಿದ್ದ ಆ ಕೆಲಸವನ್ನು ರೈತರ ಪಕ್ಕದಲ್ಲಿ ಕೂತು ಕಲಿಸಲಿ ಎಂದು ಒಂದು ಸಂಸ್ಥೆ ಅವಳನ್ನು ಕರೆಸಿತ್ತು. ಹಾಸನದಲ್ಲಿ, ಹೊಳೆನರಸೀಪುರದಲ್ಲಿ ಸ್ವಲ್ಪ ಸ್ವಲ್ಪ ದಿನ ಇದ್ದು, ಕೃಷ್ಣಮ್ಮನ ಗಂಡ ಬೀರಲಿಂಗಯ್ಯ ಸಸಿಗೆಂದು ಬಲೆ ಹೊದಿಸಿ ಹೊಸದಾಗಿ ಕಟ್ಟಿದ್ದ ನೆಟ್ ಹೌಸ್ ನೋಡಲು ಬಂದವಳು ಲಾಡ್ಜಿಗೆ ವಾಪಸು ಹೋಗಲು ಒಪ್ಪಲಿಲ್ಲ. ಪರದೇಶದವರನ್ನು ಮನೆಯಲ್ಲಿ ಇಟ್ಟುಕೊಂಡರೆ ಪೊಲೀಸಿಗೆ ತಿಳಿಸಬೇಕಾದ ಕಾಗದಪತ್ರವನ್ನು ಸಂಸ್ಥೆಯವರೇ ಮುಗಿಸಿಕೊಟ್ಟರು.

ಅವಳು ಉಳಿಯಲು ಕಾರಣ ಸಸಿಗಳಲ್ಲ, ಕೆಂಡ. ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದ ಮಗಳು ಕೋಮಲಾ ಚೊಚ್ಚಲು ಹೆರಿಗೆಗೆ ತವರಿಗೆ ಬಂದು, ಗಂಡುಮಗು ಹೆತ್ತು, ಬಾಣಂತನದಲ್ಲಿದ್ದಳು. ಅವಳ ಮಂಚದ ಕೆಳಗೆ ಕೃಷ್ಣಮ್ಮ ದಿನವೂ ಕೆಂಡದ ಬಾಣಲೆ ಇಡುತ್ತಿದ್ದಳು. ಮನೆಯೊಳಗೆ ಹೊಗೆ ಬೇಡ ಎಂದು ಆಶಾ ಕಾರ್ಯಕರ್ತೆ ಹೇಳಿದ್ದರಿಂದ, ಇದ್ದಿಲು ಹಿತ್ತಲಲ್ಲೇ ಉರಿದು, ಹೊಗೆಯೆಲ್ಲ ತೀರಿದ ಮೇಲೆ ಒಳಗೆ ಬರುತ್ತಿತ್ತು. ಬಂದ ದಿನ ಸಂಜೆ ಲಾನ್ ಅದನ್ನು ನೋಡಿದವಳೇ ಮಂಚದ ಬಳಿ ಕುಕ್ಕುರುಗಾಲಲ್ಲಿ ಕೂತು, ಕಡ್ಡಿಯಿಂದ ಕೆಂಡ ಹರಡಿ, ಮೇಲೊಂದು ಪದರ ಬೂದಿ ಮುಚ್ಚಿದಳು. ಕಾವು ಹದವಾಗಿ ಮೇಲೆ ಬರಲು ಹೇಗೆ ಮುಚ್ಚಬೇಕೋ ಹಾಗೆ. ಕೃಷ್ಣಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

“ಅವರ ದೇಶದಲ್ಲೂ ಬಾಣಂತಿಗೆ ಹಿಂಗೇ ಕೆಂಡ ಇಡ್ತಾರಂತಮ್ಮ,” ಎಂದಳು ಕೋಮಲಾ. ಅವಳು ಹಾಸನದಲ್ಲಿ ಓದಿದವಳು. ಲಾನಳ ತುಂಡು ಇಂಗ್ಲಿಷನ್ನು ಕನ್ನಡಕ್ಕೂ, ಅಮ್ಮನ ಕನ್ನಡವನ್ನು ತುಂಡು ಇಂಗ್ಲಿಷಿಗೂ ಮಾಡುವುದು ಅವಳ ಪಾಲಿಗೆ ಬಂದಿತ್ತು.

“ಅವ್ಳಿಗೂ ಮಗಳು ಅವ್ಳಾ, ಕೇಳು.”

ಇದ್ದಳು. ಒಬ್ಬಳೇ ಮಗಳು, ತುಂಬು ಬಸುರಿ, ಇದೇ ಚೊಚ್ಚಲು. ಗಂಡನ ಮನೆಯಲ್ಲಿದ್ದಾಳೆ.

“ಚೊಚ್ಚಲಂತಾಳೆ, ಗಂಡನ ಮನೇಲಿ ಬುಟ್ಟು ಇಲ್ಲಿಗೆ ಬಂದವ್ಳಾ? ಎಂಥ ತಾಯಿ ಅಂತ ಕೇಳೆ.”

“ಅದ್ನೆಲ್ಲ ನಾನು ಕೇಳಲ್ಲ ಕಣಮ್ಮ.”

ಕೋಮಲಾ ಕೇಳದಿದ್ದರೂ ಲಾನ್‌ಗೆ ಕೃಷ್ಣಮ್ಮನ ಮುಖ ಅರ್ಥವಾಯಿತು. ತಮ್ಮ ಕಡೆ ಹೆರಿಗೆಗೆ ನೋಡಿಕೊಳ್ಳುವುದು ಅತ್ತೆ. ತಾಯಿ ಹೋಗಿ ಜೊತೆಗಿರುತ್ತಾಳೆ. ದಿನ ತುಂಬುವುದು ಮುಂದಿನ ತಿಂಗಳು, ಅಷ್ಟರೊಳಗೆ ಊರಲ್ಲಿರುತ್ತೇನೆ ಎಂದು ನಿಧಾನವಾಗಿ ಹೇಳಿದಳು. ಮಾರನೆಯ ಬೆಳಿಗ್ಗೆ ಕೃಷ್ಣಮ್ಮ ಕಾಲು ನೀಡಿ ಮಗುವನ್ನು ಮಲಗಿಸಿಕೊಂಡು ಎಣ್ಣೆ ನೀವುತ್ತಿದ್ದಾಗ, ನೀರು ಹುಯ್ಯಲು ತಂಬಿಗೆ ಹಿಡಿದು ಬಂದವಳೂ ಅವಳೇ. ಅಂದಿನಿಂದ ಅವಳು ಲಾನಮ್ಮ.

ಮುಂದಿನ ವಾರ ಸುದ್ದಿ ಬಂತು. ಮಗಳಿಗೆ ರಕ್ತದೊತ್ತಡ ಏರಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ, ದಿನ ತುಂಬುವವರೆಗೆ ಕಾಯದೆ ಆಪರೇಷನ್ ಮಾಡಿ ಮಗುವನ್ನು ಹೊರತೆಗೆಯಬೇಕಾಗಬಹುದು ಎಂದು ಅಳಿಯ ಬರೆದಿದ್ದ. ಹೊತ್ತು ಗೊತ್ತಿಲ್ಲ, ಯಾವಾಗ ಬೇಕಾದರೂ ಕರೆ ಮಾಡುತ್ತೇನೆ; ಅಮ್ಮನ ಜೊತೆ ಮಾತಾಡಬೇಕು ಎಂದು ಅವಳು ಹಟ ಹಿಡಿದಿದ್ದಾಳೆ ಎಂದೂ ಬರೆದಿದ್ದ.

ಆ ಸಂದೇಶವನ್ನೇ ಲಾನ್ ನೋಡಿದ್ದು ಅದು ಬಂದು ಅರ್ಧ ದಿನ ಕಳೆದ ಮೇಲೆ. ಅವಳ ಊರಿನ ಸಿಮ್ ಇಲ್ಲಿ ಕೆಲಸ ಮಾಡುತ್ತಿರಲಿಲ್ಲ. ಕೋಮಲಾಳ ಮೊಬೈಲಿನಿಂದ ಹಾಟ್‌ಸ್ಪಾಟ್ ಹಾಕಿಕೊಂಡರೆ ಮಾತ್ರ ಜೀವ ಬರುತ್ತಿತ್ತು. ಕೋಮಲಾ ಬಾಣಂತಿಕೋಣೆ ಬಿಟ್ಟು ಬರುವಂತಿಲ್ಲ. ಲಾನ್ ಹಗಲೆಲ್ಲ ಹೊಲದಾಚೆ ನೆಟ್ ಹೌಸಿನಲ್ಲಿ. ಸಂಜೆ ಮನೆಗೆ ಬರುವಷ್ಟರಲ್ಲಿ ಕೋಮಲಾ ಧಾರಾವಾಹಿ ನೋಡಿ ಅವತ್ತಿನ ಡೇಟಾ ಮುಗಿಸಿರುತ್ತಿದ್ದಳು. ಊರಿಗೆ ಬೇಗ ಮರಳಲು ಟಿಕೆಟ್ ಬದಲಿಸಿಕೊಡಿ ಎಂದು ಸಂಸ್ಥೆಗೆ ಹೇಳಿ ಆಗಿತ್ತು. ಆದರೆ ಸಿಕ್ಕ ವಿಮಾನ ವಾರದ ಕೊನೆಯದು.

“ಪ್ರಸನ್ನನ ಅಂಗ್ಡಿಗೆ ಕರ್ಕೊಂಡೋಗಿ ಒಂದು ಸಿಮ್ ಆಕ್ಸಿ,” ಎಂದು ಕೃಷ್ಣಮ್ಮ ಗಂಡನಿಗೆ ಹೇಳಿದಳು. ಪ್ರಸನ್ನಕುಮಾರ್ ಅವಳ ತಮ್ಮ. ಅರಕಲಗೂಡು ಬಸ್ ಸ್ಟ್ಯಾಂಡ್ ಎದುರು ಮೊಬೈಲ್ ಅಂಗಡಿ ಇಟ್ಟಿದ್ದ. ಬೀರಲಿಂಗಯ್ಯ ತಿಂಡಿ ತಿಂದು, ಲಾನಮ್ಮನನ್ನು ಟಿವಿಎಸ್ ಹಿಂದೆ ಕೂರಿಸಿಕೊಂಡು ಹೊರಟ. ಅವಳ ಕೈಯಲ್ಲಿ ಪಾಸ್‌ಪೋರ್ಟು, ವೀಸಾದ ಪ್ರತಿ, ಎರಡು ಫೋಟೊ.

ಕೃಷ್ಣಮ್ಮ ಬಾಣಂತಿಗೆ ಮೆಣಸಿನ ಸಾರು ಕುದಿಸುತ್ತಿದ್ದಾಗ ಅವಳ ಮೊಬೈಲು ಒಮ್ಮೆ ಟಿಣ್ ಎಂದಿತು. ಹಿಂದೆಯೇ ಕರೆ ಬಂತು. ಪರದೆಯ ಮೇಲೆ ಪ್ರಸನ್ನನ ಹೆಸರು.

“ಅಕ್ಕ, ನಿನ್ ಮೊಬೈಲಿಗೆ ಒಂದು ಓಟಿಪಿ ಬಂದದೆ. ಬೇಗ ಯೋಳು.”

ಕೃಷ್ಣಮ್ಮ ಸೌಟು ಕೆಳಗಿಟ್ಟಳು. “ಯಾಕೆ?”

“ಫಾರಿನ್ನೋರ್ಗೆ ಸಿಮ್ ಕೊಡ್ಬೇಕಾದ್ರೆ ಇಲ್ಲಿನೋರು ಒಬ್ರ ನಂಬರ್ ಕೊಡ್ಬೇಕು ಕಣಕ್ಕ. ಇದ್ಕೊಂಡಿರೋ ಮನೆ ನಿನ್ ಹೆಸ್ರಲ್ಲೇ ಅದೆ, ನಿಂದೇ ಕೊಟ್ಟೆ. ಯೋಳು, ಟೈಮ್ ಓಯ್ತದೆ.”

“ನೀನು ಪ್ರಸನ್ನನೇ ಅಂತ ಏನು ಗ್ಯಾರಂಟಿ?”

“ನನ್ ದನಿ ಗೊತ್ತಾಗಕಿಲ್ವ ನಿಂಗೆ?”

“ದನೀನೂ ಮಾಡ್ತಾರಂತೆ. ನಿನ್ ಹುಬ್ಬಿನ ಮ್ಯಾಲೆ ಗಾಯದ ಗುರ್ತದೆಯಲ್ಲ, ಎಂಗಾಯ್ತು ಯೋಳು.”

“ನೀನು ಜಗ್ಲಿಯಿಂದ ತಳ್ಳಿದ್ದಲ್ವ?”

“ಸುಳ್ಳು. ನೀನೇ ಕರೂನ ಹಿಡಿಯಕ್ಕೋಗಿ ಬಿದ್ದಿದ್ದು.”

“ಆಯ್ತು, ಅಂಗಾರೆ ನಾನು ಪ್ರಸನ್ನ ಅಲ್ಲ ಬುಡು.”

ಈ ಸಿಟ್ಟು ತಮ್ಮನದೇ ಎಂಬುದರಲ್ಲಿ ಕೃಷ್ಣಮ್ಮನಿಗೆ ಅನುಮಾನ ಉಳಿಯಲಿಲ್ಲ. “ನೀನು ಪ್ರಸನ್ನನೇ. ಆದ್ರೂ ಯೋಳಕಿಲ್ಲ ಕಣ್ಲಾ. ಊರಮ್ಮನ ಮುಂದೆ ಆಣೆ ಮಾಡಿವ್ನಿ.”

“ಅದು ಕಳ್ಳರಿಗೆ ಯೋಳ್ಬೇಡಿ ಅಂದಿದ್ದು ಕಣಕ್ಕ.”

“ಒಡುಟ್ಟಿದೋನು ಕೇಳಿದ್ರೂ ಯೋಳಕಿಲ್ಲ ಅಂತ ಬಾಯ್ಬುಟ್ಟು ಅಂದಿವ್ನಿ.”

ಒಳಗಿನಿಂದ ಕೋಮಲಾ ಕೂಗಿದಳು. “ಅಮ್ಮ, ಮೊಬೈಲ್ ಇತ್ಲಾಗೆ ಕೊಡು. ನಾನು ನೋಡಿ ಮಾವಂಗೆ ಹೇಳ್ತೀನಿ. ನೀನು ಹೇಳ್ದಂಗಾಗಲ್ಲ.”

“ಎತ್ತ ಮಗಳಿಗೂ ಇಲ್ಲ ಅಂತಾನೂ ಅಂದಿವ್ನಿ.”

ಕೋಮಲಾ ನಕ್ಕಳು. ಕೃಷ್ಣಮ್ಮ ನಗಲಿಲ್ಲ. ಬೇರೆ ಕಾಲದಲ್ಲಾಗಿದ್ದರೆ ಅವಳು ಊರಮ್ಮನಿಗೆ ಒಂದು ತೆಂಗಿನಕಾಯಿ ಒಡೆದು ತಪ್ಪಾಯಿತು ಎನ್ನಬಹುದಿತ್ತೇನೊ. ಈಗ ಮನೆಯಲ್ಲಿ ಕಣ್ಣು ನೆಟ್ಟಗೆ ಬಿಡದ ಕೂಸಿದೆ, ಹಸಿಮೈಯ ಬಾಣಂತಿ ಇದ್ದಾಳೆ. ಆಣೆ ಮುರಿದರೆ ಅದು ಮೊದಲು ತಟ್ಟುವುದು ಅಂಥ ಜೀವಕ್ಕೇ ಎಂದು ಅವಳ ನಂಬಿಕೆ. ತನ್ನ ಮೈಮೇಲೆ ಬಂದರೆ ತಡೆದುಕೊಳ್ಳುತ್ತಿದ್ದಳು. ತೊಟ್ಟಿಲ ಮೇಲೆ ಬರುವುದನ್ನು ಯಾವ ಅಜ್ಜಿ ತಾನೇ ಒಪ್ಪುತ್ತಾಳೆ?

ಅಷ್ಟರಲ್ಲಿ ಆ ಓಟಿಪಿಯ ಅವಧಿ ಮುಗಿದುಹೋಗಿತ್ತು. ಪ್ರಸನ್ನ ಇನ್ನೊಂದು ಕಳಿಸುತ್ತೇನೆ ಎಂದ. ಕಳಿಸಿದರೂ ಹೇಳುವುದಿಲ್ಲ ಎಂದಳು. ಅವನು ಬೇಸತ್ತು ಮೊಬೈಲನ್ನು ಲಾನ್ ಕೈಗೆ ಕೊಟ್ಟ. ಅವಳಿಗೆ ಎಷ್ಟು ಅರ್ಥವಾಗಿತ್ತೋ, ಪ್ರಸನ್ನ ಅವಳಿಗೆ ಏನು ಹೇಳಿದ್ದನೋ. ಬಂದ ವಾರದಲ್ಲಿ ಕಲಿತ ನಾಲ್ಕಾರು ಕನ್ನಡ ಮಾತುಗಳಲ್ಲಿ ಎರಡನ್ನು ಹುಡುಕಿ ತೆಗೆದು ಹೇಳಿದಳು: “ಅಕ್ಕ, ಪರ್ವಾಗಿಲ್ಲ.”

ಪರವಾಗಿಲ್ಲ ಎನ್ನುವುದನ್ನು ಅವಳಿಗೆ ಕಲಿಸಿದ್ದು ಕೃಷ್ಣಮ್ಮನೇ. ಮುದ್ದೆ ನುಂಗಲು ಬಾರದೆ ಅಗಿದು ಪೇಚಾಡಿದ ದಿನ, ತಟ್ಟೆಯ ಮುಂದೆ ಕೂತು ಕಲಿಸಿದ್ದಳು.

ಕೃಷ್ಣಮ್ಮ ಒಲೆಯ ಉರಿ ತಗ್ಗಿಸಿ, ಹಿತ್ತಲ ಗೋಡೆಯ ಬಳಿ ಹೋಗಿ ನಿಂತಳು. ಗೋಡೆಯ ಆಚೆ ಬಸವಲಿಂಗಮ್ಮನ ಮನೆ.

“ಅಕ್ಕ, ಓಟಿಪಿ ಆಣೆ ಸಡಿಲ ಮಾಡಕಾಗ್ತದಾ?”

ಬಸವಲಿಂಗಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು. ಪರದೇಶದ ಬಸುರಿಯ ವಿಷಯ ಬಂದಾಗ ಲೊಚಗುಟ್ಟಿದಳು. ಕೊನೆಗೆ, “ಸಡ್ಲ ಮಾಡಕೆ ನಾನ್ಯಾರೆ? ನಾನು ಆಣೆ ಮಾಡ್ಸಿದೋಳು, ಮಾಡ್ಸ್ಕೊಂಡೋಳು ಊರಮ್ಮ,” ಎಂದಳು. ಇನ್ನೆರಡು ಕಾಯಿ ಸುಲಿದಳು. “ಯೋಳಕಿಲ್ಲ ಅಂತ ತಾನೆ ಆಣೆ ಮಾಡಿರಾದು?”

“ಊಂ.”

“ಅದ್ನ ಎಲ್ಲಾದ್ರೂ ಒತ್ತಬೇಕು ತಾನೆ? ನೀನೇ ಓಗಿ ನಿನ್ ಕೈಯಾರ ಒತ್ತು. ಬಾಯಿ ಬುಡ್ಬೇಡ, ಯಾರ್ಗೂ ತೋರಿಸ್ಬೇಡ. ಒತ್ತಿದ್ರೆ ಯೋಳ್ದಂಗಾಯ್ತದಾ?”

ಕೃಷ್ಣಮ್ಮ ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದಳು. ಎಲ್ಲೂ ತೂತು ಕಾಣಲಿಲ್ಲ. “ಬಾಣಂತೀನ ಒಬ್ಳೇ ಬುಟ್ಟು ಎಂಗೋಗ್ಲಿ?”

“ನಾನಿಲ್ವ? ಅವರೆಕಾಯಿ ಅಲ್ಲೇ ಕೂತು ಸುಲೀತೀನಿ.”

ಸಾರಿನ ಪಾತ್ರೆ ಇಳಿಸಿ, ಸೀರೆ ಬದಲಿಸಿ, ಮೊಬೈಲನ್ನು ಎಲೆಅಡಿಕೆ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೃಷ್ಣಮ್ಮ ಹೊರಟಳು. ಮೊಮ್ಮಗ ಹುಟ್ಟಿದ ಮೇಲೆ ಅವಳು ಊರ ಗಡಿ ದಾಟಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದ. ಚೀಲದ ಬಾಯಿ ಬಿಚ್ಚುವಾಗ ಮೊಬೈಲಿನ ಮೇಲೆ ಒಂದು ಕೈ ಇಟ್ಟೇ ಬಿಚ್ಚಿದಳು. ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತಿದ್ದಾಕೆ ಮಾತಿಗೆಳೆದರೂ, ಅರಕಲಗೂಡಿಗೆ ಯಾಕೆ ಹೋಗುತ್ತಿದ್ದೇನೆ ಎಂಬುದನ್ನು ಬಿಟ್ಟುಕೊಡಲಿಲ್ಲ.

ಅಂಗಡಿಯ ಮುಂದೆ ಬೀರಲಿಂಗಯ್ಯ ಟಿವಿಎಸ್‌ಗೆ ಒರಗಿ ನಿಂತಿದ್ದ. ಹೆಂಡತಿಯನ್ನು ಕಂಡು, “ಬಂದ್ಬುಟ್ಟಾ?” ಎಂದ. ಅವನ ಆಶ್ಚರ್ಯ, ಸಂತೋಷ ಎರಡೂ ಸೇರಿ ಅಷ್ಟೇ ಉದ್ದ. ಮನೆಗೊಂದು ಮೊಬೈಲು ಸಾಕು ಎಂದು ತಾನು ಇಟ್ಟುಕೊಳ್ಳದಿದ್ದವನು ಅವನು. ಇಟ್ಟುಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಕೃಷ್ಣಮ್ಮನಿಗೆ ಅನ್ನಿಸಿದರೂ, ಬೀದಿಯಲ್ಲಿ ಯಾಕೆಂದು ಸುಮ್ಮನಾದಳು.

ಲಾನ್ ಒಳಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ತೊಡೆಯ ಮೇಲೆ ಪಾಸ್‌ಪೋರ್ಟ್ ಇಟ್ಟುಕೊಂಡು ಕೂತಿದ್ದಳು. ತರಿಸಿಕೊಟ್ಟ ಟೀ ಆರಿ ಕೆನೆ ಕಟ್ಟಿತ್ತು. ಕೃಷ್ಣಮ್ಮ ಅವಳ ಹೆಗಲ ಮೇಲೊಮ್ಮೆ ಕೈಯಿಟ್ಟು, ತಮ್ಮನ ಕಡೆ ತಿರುಗಿದಳು.

“ತಿರ್ಗಾ ಕಳ್ಸು. ಎಲ್ಲಿ ಒತ್ತಬೇಕು ತೋರ್ಸು. ನಾನೇ ಒತ್ತೀನಿ.”

“ಇದ್ಕೋಸ್ಕರ ಬಸ್ ಅತ್ಕೊಂಡು ಬಂದ್ಯಾ?”

“ತೋರ್ಸ್ಲಾ.”

ಪ್ರಸನ್ನ ಅರ್ಜಿ ತುಂಬುವ ಮೊಬೈಲನ್ನು ಗಾಜಿನ ಮೇಜಿನ ಮೇಲಿಟ್ಟು ಖಾಲಿ ಚೌಕಗಳನ್ನು ತೋರಿಸಿದ. ಚೀಲದೊಳಗೆ ಟಿಣ್ ಎಂದಿತು. ಕೃಷ್ಣಮ್ಮ ತನ್ನ ಮೊಬೈಲು ಹೊರಗೆ ತೆಗೆದು, ಸುತ್ತ ನೋಡಿದಳು.

“ಎಲ್ರೂ ಅತ್ಲಾಗೆ ತಿರುಗ್ಕಳಿ.”

ಪ್ರಸನ್ನ ಚಾರ್ಜರುಗಳು ನೇತುಹಾಕಿದ್ದ ಗೋಡೆಯ ಕಡೆ ತಿರುಗಿದ. ಸ್ಕ್ರೀನ್ ಗಾರ್ಡ್ ಹಾಕಿಸಲು ಬಂದಿದ್ದ ಗಿರಾಕಿಯೂ ತಿರುಗಿದ. ಬೀರಲಿಂಗಯ್ಯ ರಸ್ತೆಯ ಕಡೆ ಹೇಗೂ ತಿರುಗಿಯೇ ಇದ್ದ. ಯಾಕೆಂದು ತಿಳಿಯದಿದ್ದರೂ ಲಾನ್ ಕೂತಲ್ಲೇ ಸ್ಟೂಲು ತಿರುಗಿಸಿಕೊಂಡಳು. ಕೃಷ್ಣಮ್ಮ ಎರಡು ಮೊಬೈಲಿನ ಮೇಲೂ ಸೆರಗು ಹೊದಿಸಿ, ಅದರೊಳಗೆ ತಲೆ ತೂರಿಸಿ, ಒಂದು ಅಂಕಿ ನೋಡಿ ಒಂದು ಅಂಕಿ ಒತ್ತಲು ಶುರುಮಾಡಿದಳು. ಅಂಕಿಗಳು ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಗಾಜಿನ ಮೇಲಿನ ಗುಂಡಿಗಳು ಚಿಕ್ಕವು, ಅವಳ ಬೆರಳು ಸೌದೆ ಸೀಳಿದ ಬೆರಳು.

“ಅಕ್ಕ, ಲಾಕರ್ ತೆಗೀತಿದ್ದೀಯೇನೊ ಅನ್ನಂಗದೆ,” ಎಂದ ಪ್ರಸನ್ನ ಗೋಡೆಗೆ ಮುಖಮಾಡಿಯೇ.

“ಮಾತಾಡಿಸ್ಬೇಡ, ತಪ್ಪೋಯ್ತದೆ.”

ತಪ್ಪಿತು. ಮತ್ತೊಮ್ಮೆ ಕಳಿಸಬೇಕಾಯಿತು, ಮತ್ತೊಮ್ಮೆ ಎಲ್ಲರೂ ತಿರುಗಬೇಕಾಯಿತು. ಈ ಸಲ ಸೆರಗಿನ ಅಡಿಯಿಂದ ತಲೆ ಹೊರಬಂದಾಗ ಕೃಷ್ಣಮ್ಮನ ಹಣೆ ಬೆವೆತಿತ್ತು. ಚೌಕಗಳ ಪಕ್ಕದಲ್ಲಿ ಹಸಿರು ಗುರುತು ಬಿದ್ದಿತ್ತು.

“ಆಯ್ತು ಕಣಕ್ಕ,” ಎಂದ ಪ್ರಸನ್ನ. ಮುಂದಿನ ಪುಟ ತೆರೆದ. “ಇವ್ರು ನಿಂಗೇನಾಗ್ಬೇಕು ಅಂತ ಕೇಳ್ತದೆ. ಇತರೆ ಅಂತ ಆಕ್ಲಾ?”

“ಇತರೆ ಅಂದ್ರೆ?”

“ಏನೂ ಆಗ್ಬೇಕಿಲ್ಲ ಅಂತ.”

“ದಿನಾ ನನ್ ಮೊಮ್ಮಗನ್ಗೆ ನೀರು ಉಯ್ತಾಳೆ, ಏನೂ ಆಗ್ಬೇಕಿಲ್ವ? ನೆಂಟ್ರು ಅಂತ ಆಕು.”

“ಪಾಸ್‌ಪೋರ್ಟ್ ನೋಡಿದೋರು ನಂಬ್ತಾರಾ? ಸುಳ್ಳು ಆಕಿದ್ರೆ ನಾಳೆ ಸಿಮ್ ಕಟ್ ಮಾಡ್ತಾರೆ. ಸ್ನೇಹಿತೆ ಅಂತ ಆಕ್ತೀನಿ.”

ಸಿಮ್ ಕಟ್ ಆಗುತ್ತದೆ ಎಂದದ್ದಕ್ಕೆ ಕೃಷ್ಣಮ್ಮ ಸ್ನೇಹಿತೆಗೆ ಒಪ್ಪಿದಳು. ಪ್ಲಾನ್ ಯಾವುದು ಎಂಬುದಕ್ಕೆ ಹೆಚ್ಚು ಚರ್ಚೆ ನಡೆಯಲಿಲ್ಲ. ಮಗಳು ಕರೆ ಮಾಡುವುದು ಇಂಟರ್ನೆಟ್ ಮೇಲೆ. ಹೊರದೇಶದ ಕರೆಯ ಪ್ಯಾಕ್ ಬೇಕಿಲ್ಲ, ದಿನಕ್ಕೆ ಡೇಟಾ ಜಾಸ್ತಿ ಇರುವ ಇಪ್ಪತ್ತೆಂಟು ದಿನದ್ದು ಸಾಕು ಎಂದು ಪ್ರಸನ್ನ ಹೇಳಿದ. ಹೊರದೇಶದವರ ಅರ್ಜಿ ಪರಿಶೀಲನೆಯಾಗಿ ಸಿಮ್ ಚಾಲೂ ಆಗಲು ನಾಳೆಯವರೆಗೂ ಬೇಕಾಗಬಹುದು; ಸಿಗ್ನಲ್ ಬಂದ ಕೂಡಲೇ ಒಂದು ನಂಬರಿಗೆ ಕರೆ ಮಾಡಿ ಹೆಸರು, ವಿಳಾಸ ಒಪ್ಪಿಸಬೇಕು ಎಂದೂ ಹೇಳಿ, ಅದನ್ನು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟ.

ಟಿವಿಎಸ್ ಮೇಲೆ ಮೂವರು ಕೂರುವಂತಿರಲಿಲ್ಲ. ಹೆಂಗಸರಿಬ್ಬರೂ ಬಸ್ಸಿಗೆ ಹೋದರು. ಬಸ್ಸಿನಲ್ಲಿ ಲಾನ್ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಕೃಷ್ಣಮ್ಮ ಅವಳ ಕೈಯನ್ನು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಹಿಟ್ಟಿನಂತೆ ಮೆತ್ತಗಿನ ಕೈಯೇನಲ್ಲ. ಹೆಬ್ಬೆರಳ ಉಗುರಿನ ಪಕ್ಕದಲ್ಲಿ, ಕುಡಿ ಚಿವುಟಿ ಚಿವುಟಿ ಹಸಿರು ಕಲೆ ನಿಂತಿತ್ತು.

ಅವತ್ತು ಕೋಮಲಾ ಧಾರಾವಾಹಿ ನೋಡಿರಲಿಲ್ಲ. ಡೇಟಾ ಪೂರ್ತಿ ಉಳಿಸಿಟ್ಟಿದ್ದಳು. ಸಂಜೆ ಹಾಟ್‌ಸ್ಪಾಟ್ ಹಾಕಿದಾಗ ಅಳಿಯನ ಸಂದೇಶವಿತ್ತು: ನಾಳೆ ಬೆಳಿಗ್ಗೆ ಮಗುವನ್ನು ಹೊರತೆಗೆಯುತ್ತಾರೆ. ಮಗಳ ಜೊತೆ ಮಾತಾಡಲು ಆಗಲಿಲ್ಲ. ಅವಳಿಗೆ ನಿದ್ದೆಯ ಔಷಧಿ ಕೊಟ್ಟಿದ್ದರು. ಲಾನ್ ಊಟಕ್ಕೆ ಬೇಡ ಎಂದಳು. ಕೃಷ್ಣಮ್ಮ ಬಾಣಂತಿಗೆ ಮಾಡಿದ್ದ ಸಾರಿಗೇ ಅನ್ನ ಕಲಸಿ ತಂದು, “ಪರ್ವಾಗಿಲ್ಲ, ಉಣ್ಣು,” ಎಂದಳು. ಅವಳು ಉಂಡಳು.

ಬೆಳಿಗ್ಗೆ ಲಾನ್ ಎದ್ದಾಗ ಮೊಬೈಲಿನ ಮೂಲೆಯಲ್ಲಿ ಸಿಗ್ನಲ್ ಗೆರೆಗಳು ಎದ್ದಿದ್ದವು. ಕೋಮಲಾಳ ಪಕ್ಕದಲ್ಲಿ ಕೂತು, ಚೀಟಿಯಲ್ಲಿದ್ದ ನಂಬರಿಗೆ ಕರೆ ಮಾಡಿ, ಹೆಸರು ಹೇಳಿ, ಮಲ್ಲಿಪಟ್ಟಣ ಎನ್ನಲು ಮೂರು ಸಲ ಹೆಣಗಿ, ಒಪ್ಪಿಸಿದಳು. ಆಮೇಲೆ ಇಂಟರ್ನೆಟ್ ಬಂತು. ಕರೆ ಬರಲಿಲ್ಲ. ಅವಳೇ ಮಾಡಿದರೆ ಅಳಿಯ ಎತ್ತಲಿಲ್ಲ. ವಿಯಟ್ನಾಮಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಇಷ್ಟು ಹೊತ್ತಿಗೆ ಆಗಿರಬೇಕಿತ್ತು ಎಂದು ಅವಳೇ ಲೆಕ್ಕ ಹಾಕಿ ಹೇಳಿದಳು.

ಕೃಷ್ಣಮ್ಮ ಹಂಡೆಗೆ ಕೈಯಿಟ್ಟು ನೋಡಿದಳು. “ನೀರು ಕಾದದೆ,” ಎಂದಳು. ಲಾನ್ ತಂಬಿಗೆ ಹಿಡಿದು ಬಂದಳು. ಮೊಬೈಲನ್ನು ಬಚ್ಚಲ ಹೊರಗಿನ ಗೂಡಿನಲ್ಲಿಟ್ಟಳು.

ಮಗುವಿನ ಮೈಗೆ ಹರಳೆಣ್ಣೆ ಬಿದ್ದು, ಮೊದಲ ತಂಬಿಗೆ ನೀರು ಹುಯ್ಯುತ್ತಿದ್ದಾಗ ಗೂಡಿನಲ್ಲಿ ಮೊಬೈಲು ಹಾಡಿತು. ಕೃಷ್ಣಮ್ಮನ ಕಾಲ ಮೇಲೆ ಕೂಸು, ಏಳುವಂತಿಲ್ಲ. ಮಗುವಿನ ತಲೆಯಿಂದ ನೀರು ಸುರಿಯುತ್ತಿದೆ, ಲಾನ್ ಅರ್ಧಕ್ಕೆ ಬಿಡುವಂತಿಲ್ಲ. “ಯಾರಾದ್ರೂ ತಗಳ್ರೊ,” ಎಂದು ಕೃಷ್ಣಮ್ಮ ಕೂಗಿದಳು. ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಬೀರಲಿಂಗಯ್ಯ ಓಡಿ ಬಂದು, ಹಾವು ಹಿಡಿದಂತೆ ಮೊಬೈಲು ಹಿಡಿದು, ಕಂಡ ಗುಂಡಿಯನ್ನೆಲ್ಲ ಒತ್ತಿದ. ಅದು ಹೇಗೊ ತೆರೆದುಕೊಂಡಿತು. ಮಗುವಿನ ಮುಖ ತೋರಿಸಲು ತವಕಿಸುತ್ತಿದ್ದ ದಾಲಾತಿನ ಅಳಿಯನಿಗೆ ಮೊದಲು ಕಂಡದ್ದು ಟೂತ್‌ಪೇಸ್ಟ್ ಮೆತ್ತಿದ ಒಂದು ದೊಡ್ಡ ಮೀಸೆ.

“ತಿರುಗ್ಸಿ, ಇತ್ತ ತಿರುಗ್ಸಿ,” ಎಂದಳು ಕೃಷ್ಣಮ್ಮ.

ಬೀರಲಿಂಗಯ್ಯ ತಿರುಗಿಸಿದ. ಪರದೆಯಲ್ಲಿ ಆಸ್ಪತ್ರೆಯ ಹಾಸಿಗೆ, ದಣಿದ ಹುಡುಗಿಯ ಮುಖ, ಅದರ ಪಕ್ಕ ಬ್ಯಾಂಡೇಜಿನಷ್ಟು ಬಿಳಿಯ ಬಟ್ಟೆಯಲ್ಲಿ ಸುತ್ತಿದ ಕೆಂಪು ಮುದ್ದೆ. ಹುಡುಗಿ ಒಂದೇ ಮಾತು ಅಂದಳು. ಅದು ಅಮ್ಮ ಎಂದೇ ಇರಬೇಕು ಎಂದು ಕೃಷ್ಣಮ್ಮನಿಗೆ ಯಾರೂ ಹೇಳಬೇಕಾಗಲಿಲ್ಲ. ಲಾನ್ ತಂಬಿಗೆ ಕೆಳಗಿಟ್ಟು, ಒದ್ದೆ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಿಂತಳು. ಆಮೇಲೆ ಶುರುವಾದ ಮಾತು ನಿಲ್ಲಲಿಲ್ಲ. ಕೃಷ್ಣಮ್ಮನ ಕಾಲ ಮೇಲಿನ ಕೂಸು ಚಳಿಗೆ ಕಿರುಚತೊಡಗಿತು. ಆ ಕಡೆಯದೂ ಎದ್ದು ಕಿರುಚಿತು.

ಕೃಷ್ಣಮ್ಮ ಮೊಮ್ಮಗನನ್ನು ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಎದ್ದು ಬಂದಳು. ಪರದೆಯ ಮುಂದೆ ಒಂದು ಕೈಯಲ್ಲಿ ದೃಷ್ಟಿ ಇಳಿ ತೆಗೆದು, ಬೆರಳುಗಳನ್ನು ತನ್ನ ಕೆನ್ನೆಗೆ ಒತ್ತಿ ನೆಟಿಕೆ ಮುರಿದಳು. “ಮಗ ಎಂಥದು, ಕೆಂಡ ಇಟ್ಟವ್ರಾ, ಎಲ್ಡೂ ಕೇಳು,” ಎಂದು ಒಳಗಿದ್ದ ಕೋಮಲಾಗೆ ಕೂಗಿದಳು. ಕೋಮಲಾ ಅಲ್ಲಿಂದಲೇ ಇಂಗ್ಲಿಷಿನಲ್ಲಿ ಕೂಗಿದಳು. ಲಾನ್ ಅಳುತ್ತಲೇ ನಕ್ಕು ಎರಡಕ್ಕೂ ಉತ್ತರ ಹೇಳಿದಳು. ಕೆಂಡಕ್ಕೆ ಆಸ್ಪತ್ರೆಯಲ್ಲಿ ಬಿಡುವುದಿಲ್ಲವಂತೆ, ಮನೆಗೆ ಹೋದ ಮೇಲೆ ತಾನೇ ಇಡುತ್ತಾಳಂತೆ.

ಗಲಾಟೆಗೆ ಬಸವಲಿಂಗಮ್ಮ ಹಿತ್ತಲ ಗೋಡೆಯ ಮೇಲೆ ಕತ್ತು ಎತ್ತಿ ನೋಡಿದಳು. “ಏನಾಯ್ತೆ ಕಿಷ್ಣಮ್ಮ? ಏನೊತ್ತಿಗಾಯ್ತು? ಎಣ್ಣೊ ಗಂಡೊ?”

ಕೃಷ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇದ್ನ ಯಾರ್ಗ್ ಬೇಕಾದ್ರೂ ಯೋಳ್ಬೋದು ಕಣಕ್ಕ,” ಎಂದಳು. “ಎಣ್ಮಗ.”